ಉಪ್ಪಿತ್ತು, ಗಡಸುತನವಿತ್ತು, ಪೊಟ್ಯಾಸಿಯಂ ಇರಲಿಲ್ಲ: ಸವಳು ಭೂಮಿಯ ಒಂದು ಸೀಗಡಿ ಬೆಳೆ

ತುಂಗಭದ್ರಾ ಎಡದಂಡೆ ನಾಲೆಯ ಕೊನೆ ಭಾಗದಲ್ಲಿ ನಡೆದ ಪ್ರಕರಣ ಇದು. ಊರು, ತಾಲ್ಲೂಕು, ಮನೆತನ ಯಾವುದನ್ನೂ ಹೇಳುವುದಿಲ್ಲ. ಗುರುತು ಸಿಗಬಾರದೆಂದು ಒಂದೆರಡು ಸಣ್ಣ ವಿವರಗಳನ್ನೂ ಬದಲಿಸಿದ್ದೇನೆ. ಹೊಂಡಗಳ ಮಾಲೀಕರು ಅಣ್ಣ ತಮ್ಮ ಇಬ್ಬರು. ಹಾಗಾಗಿ ಬರಹದುದ್ದಕ್ಕೂ 'ಅಣ್ಣ', 'ತಮ್ಮ' ಎಂದೇ ಕರೆಯುತ್ತೇನೆ. ನಾನು ಮೀನುಗಾರಿಕೆ ಓದಿ, ಹೊಂಡಗಳ ನೀರು ನೋಡುವ ಕೆಲಸ ಮಾಡುವವನು.

ಸೀಗಡಿ ಸಮುದ್ರದ್ದು, ರಾಯಚೂರು ಸೀಮೆಗೂ ಅದಕ್ಕೂ ಏನು ಸಂಬಂಧ ಅಂತ ಕೇಳುವವರಿಗೆ ಮೊದಲು ಸ್ವಲ್ಪ ಹಿನ್ನೆಲೆ. ಮೇಲಿನ ಭಾಗದಲ್ಲಿ ಭತ್ತಕ್ಕೆ ನೀರು ಕಟ್ಟಿ ಕಟ್ಟಿ, ಬಸಿದು ಹೋಗಲು ದಾರಿಯಿಲ್ಲದೆ, ಕೆಳಗಿನ ಕಪ್ಪು ಭೂಮಿ ಸವಳು ಜವಳಾಗಿದೆ. ಬೇಸಿಗೆಯಲ್ಲಿ ನೆಲದ ಮೇಲೆ ಬಿಳಿ ಉಪ್ಪು ಎದ್ದು ಕಾಣುತ್ತದೆ. ಬೋರಿನ ನೀರು ಬಾಯಿಗೆ ಹಾಕಿದರೆ ಉಪ್ಪುಪ್ಪು. ಈ ಅಣ್ಣ ತಮ್ಮಂದಿರ ಹೊಲದಲ್ಲಿ ಭತ್ತ ಸರಿಯಾಗಿ ಬರುವುದು ನಿಂತು ಎಷ್ಟೋ ವರ್ಷವಾಗಿತ್ತು. ಹಾಗಿರುವಾಗ ಆಂಧ್ರದ ಕಡೆಯ ಪರಿಚಯದವರು ಬಂದು ನೋಡಿ, ಈ ನೀರಿಗೆ ವೆನಾಮಿ ಸೀಗಡಿ ಆಗುತ್ತದೆ ಎಂದರು.

ಅದು ಸುಳ್ಳೇನಲ್ಲ. ವೆನಾಮಿ ಸೀಗಡಿ ನಮ್ಮ ದೇಶಕ್ಕೆ ಸಾಕಣೆಗಾಗಿ ಅಧಿಕೃತವಾಗಿ ಬಂದದ್ದು 2009ರಲ್ಲಿ. ಸಮುದ್ರದ ಲವಣಾಂಶ ಸುಮಾರು 35 ಪಿಪಿಟಿ, ಅಂದರೆ ಲೀಟರಿಗೆ 35 ಗ್ರಾಂ ಉಪ್ಪು. ವೆನಾಮಿ ಎರಡು ಮೂರು ಪಿಪಿಟಿಯಲ್ಲೂ ಬದುಕುತ್ತದೆ, ಬೆಳೆಯುತ್ತದೆ. ಹರಿಯಾಣ, ಪಂಜಾಬಿನ ಸವಳು ಜಿಲ್ಲೆಗಳಲ್ಲಿ, ಅಮೆರಿಕದ ಅಲಬಾಮಾದಲ್ಲಿ ಅಂತರ್ಜಲದಲ್ಲೇ ಬೆಳೆಯುತ್ತಾರೆ. ಆದರೆ ಸಮುದ್ರದ ಉಪ್ಪೇ ಬೇರೆ, ನೆಲದೊಳಗಿನ ಉಪ್ಪೇ ಬೇರೆ. ಈ ಪ್ರಕರಣವೆಲ್ಲ ನಿಂತಿರುವುದು ಅದರ ಮೇಲೆ.

ಐದು ಎಕರೆಯಲ್ಲಿ ಮೂರು ಹೊಂಡ ತೋಡಿಸಿದ್ದರು. ಒಂದನೆಯದು ಎರಡು ಎಕರೆ, ಉಳಿದೆರಡು ತಲಾ ಒಂದೂವರೆ ಎಕರೆಯವು. ನೀರಿನ ಆಳ ಸರಾಸರಿ 1.25 ಮೀಟರ್. ಮೊದಲ ಬೆಳೆಯಲ್ಲಿ ಬಿಟ್ಟ ಮರಿಗಳಲ್ಲಿ ಮೂರರಲ್ಲಿ ಒಂದು ಪಾಲು ಮಾತ್ರ ಉಳಿದಿತ್ತು. ಸೀಡ್, ಅಂದರೆ ಮರಿ, ಸರಿ ಇರಲಿಲ್ಲ ಎಂದುಕೊಂಡರು. ಆ ವರ್ಷ ರೇಟು ಚೆನ್ನಾಗಿದ್ದುದರಿಂದ ಕೈ ಕಚ್ಚಲಿಲ್ಲ. ಕಾರಣವನ್ನೂ ಯಾರೂ ಹುಡುಕಲಿಲ್ಲ.

ಎರಡನೇ ಬೆಳೆ

ಎರಡನೇ ಬೆಳೆಗೆ ಮರಿ ತರುವ ಹ್ಯಾಚರಿ ಬದಲಿಸಿದರು. ಚದರ ಮೀಟರಿಗೆ 40ರಂತೆ, ಅಂದರೆ ಎಕರೆಗೆ ಸುಮಾರು 1.6 ಲಕ್ಷ ಮರಿ ಬಿಟ್ಟರು. ಮೂರನೇ ಹೊಂಡಕ್ಕೆ ಎಂಟು ದಿನ ತಡವಾಗಿ ಬಿಟ್ಟಿದ್ದರು. ಇದು ಮುಂದೆ ಉಪಯೋಗಕ್ಕೆ ಬಂತು.

27ನೇ ದಿನ ಒಂದನೇ ಹೊಂಡದ ಚೆಕ್ ಟ್ರೇಯಲ್ಲಿ (ಮೇವು ತಿಂದದ್ದನ್ನು ನೋಡಲು ನೀರಿಗಿಳಿಸುವ ತಟ್ಟೆ) ನಾಲ್ಕೈದು ಸತ್ತ ಸೀಗಡಿ ಸಿಕ್ಕವು. ಮರುದಿನ ಹನ್ನೆರಡು. ಅಮಾವಾಸ್ಯೆ ಹತ್ತಿರ ಬಂದಂತೆ ಸಾವು ಜಾಸ್ತಿಯಾಯಿತು. ಹುಣ್ಣಿಮೆ, ಅಮಾವಾಸ್ಯೆಗೆ ಸೀಗಡಿ ಒಟ್ಟಾಗಿ ಪೊರೆ ಬಿಡುತ್ತದೆ ಎಂಬುದು ಸಾಕುವವರಿಗೆಲ್ಲ ಗೊತ್ತು. ಸತ್ತವುಗಳಲ್ಲಿ ಹೆಚ್ಚಿನವು ಆಗಷ್ಟೇ ಪೊರೆ ಬಿಟ್ಟವು, ಹಿಚುಕಿದರೆ ಮೆತ್ತಗೆ. ಆದರೆ ಮುಖ್ಯ ಲಕ್ಷಣ ಬದುಕಿದ್ದವುಗಳಲ್ಲಿತ್ತು. ಬೀಸುಬಲೆ ಹಾಕಿ ಮೇಲೆತ್ತಿದ ಕೂಡಲೇ ಕೆಲವು ಸೀಗಡಿ ಕೊಕ್ಕೆಯ ಹಾಗೆ ಬಾಗಿಬಿಡುತ್ತಿದ್ದವು. ಬಾಲ ತಲೆಯ ಕಡೆ ಮಡಚಿಕೊಂಡು, ನೀರಿಗೆ ಬಿಟ್ಟರೂ ಬಿಚ್ಚುತ್ತಿರಲಿಲ್ಲ. ಗಾಜಿನ ಹಾಗೆ ಪಾರದರ್ಶಕ ಇರಬೇಕಾದ ಮಾಂಸ ಬಾಲದ ಹತ್ತಿರ ಹಾಲಿನ ಬಣ್ಣಕ್ಕೆ ತಿರುಗಿತ್ತು. ಫೀಲ್ಡಿನಲ್ಲಿ ಇದನ್ನು 'ಕ್ರ್ಯಾಂಪ್' ಅನ್ನುತ್ತಾರೆ.

ನನ್ನನ್ನು ಕರೆಯುವ ಮೊದಲೇ ಅವರು ಮೂರು ಕೆಲಸ ಮಾಡಿದ್ದರು.

ರೋಗ ಇರಬಹುದೆಂದು ಸ್ಯಾಂಪಲ್ ಕಳಿಸಿದ್ದರು. ಇದು ಸರಿಯಾದ ಹೆಜ್ಜೆ. ಬಿಳಿ ಚುಕ್ಕೆ ರೋಗ, ಇಎಚ್‌ಪಿ ಎಂಬ ಪರೋಪಜೀವಿ ರೋಗ ಎರಡಕ್ಕೂ ಪಿಸಿಆರ್ ಪರೀಕ್ಷೆ ನೆಗೆಟಿವ್ ಬಂತು. ಯಾರೋ ಆಂಟಿಬಯೋಟಿಕ್ ಹಾಕಿ ಎಂದಿದ್ದರಂತೆ. ಪುಣ್ಯಕ್ಕೆ ಅಣ್ಣ ಒಪ್ಪಿರಲಿಲ್ಲ. ಸೀಗಡಿಗೆ ಅದು ನಿಷಿದ್ಧ, ಸಿಕ್ಕಿಬಿದ್ದರೆ ಮಾಲು ಕೊಳ್ಳುವವರೇ ಇರುವುದಿಲ್ಲ.

ಎರಡನೆಯದು, ಮಿನರಲ್ ಮಿಕ್ಸ್. ಫೀಡ್ ಅಂಗಡಿಯವರ ಮಾತಿನಂತೆ ವಾರಕ್ಕೆ ಎಕರೆಗೆ 10 ಕಿಲೋ ಎರಚುತ್ತಿದ್ದರು.

ಮೂರನೆಯದು, ಉಪ್ಪು. ಎರಡನೇ ಹೊಂಡದ ನೀರನ್ನು ರಿಫ್ರ್ಯಾಕ್ಟೋಮೀಟರಿನಲ್ಲಿ ನೋಡಿ, ಲವಣಾಂಶ ಕಡಿಮೆಯಾಯಿತು ಎಂದು ಕರಾವಳಿಯಿಂದ ಒಂದು ಲಾರಿ, ಸುಮಾರು ಹತ್ತು ಟನ್ ಕಲ್ಲುಪ್ಪು ತರಿಸಿ ಸುರಿದಿದ್ದರು. ನೂರರವರೆಗೆ ಅಳೆಯುವ ಆ ಕೈ ಉಪಕರಣದಲ್ಲಿ ಮೂರೋ ಐದೋ ಅನ್ನುವುದನ್ನು ನಂಬುವ ಹಾಗಿಲ್ಲ. ಕಡಿಮೆ ಲವಣಾಂಶದ ಹೊಂಡಕ್ಕೆ ನೀರಿನ ವಿದ್ಯುತ್ ವಾಹಕತೆ (ಇಸಿ) ಅಳೆಯುವ ಮೀಟರೇ ಸರಿ. ಅದೇನೇ ಇರಲಿ, ಉಪ್ಪು ಬಿದ್ದ ನಾಲ್ಕನೇ ದಿನ ಆ ಹೊಂಡದಲ್ಲಿ ಸಾವು ಇಮ್ಮಡಿಯಾಯಿತು. ಆಗ ಫೋನ್ ಬಂತು.

ಚೀಟಿಯಲ್ಲಿ ಇಲ್ಲದ್ದು

ನಾನು ಹೋದಾಗ ತಮ್ಮ ಒಂದು ಲ್ಯಾಬ್ ಚೀಟಿ ಮುಂದೆ ಹಿಡಿದರು. ಪಿಎಚ್ 8.3, ಕ್ಷಾರತೆ 280, ಒಟ್ಟು ಗಡಸುತನ 1,225. ಅಮೋನಿಯಾ ಕಡಿಮೆ. ಬೆಳಗಿನ ಜಾವದ ಆಮ್ಲಜನಕವೂ 4ಕ್ಕಿಂತ ಮೇಲೆ.

"ನೀರಾಗ ಮಿನರಲ್ ಭಾಳ ಐತಿ ಅಂತ ಬರ್ದಾರ್ರಿ ಸರ. ಮತ್ತ ಇವ್ಯಾಕ ಸಾಯಾಕ ಹತ್ಯಾವ?" ಅಂತ ಕೇಳಿದರು.

ಒಳ್ಳೆಯ ಪ್ರಶ್ನೆ. ಗಡಸುತನ ಎಂದರೆ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ, ಅಷ್ಟೇ. ಪೊಟ್ಯಾಸಿಯಂ ಅದರಲ್ಲಿ ಬರುವುದೇ ಇಲ್ಲ. ಗಡಸುತನ ಸಾವಿರ ದಾಟಿದ ನೀರಿನಲ್ಲೂ ಪೊಟ್ಯಾಸಿಯಂ ಹೆಸರಿಗೆ ಮಾತ್ರ ಇರಬಹುದು. ಆ ಚೀಟಿಯಲ್ಲಿ ಪೊಟ್ಯಾಸಿಯಮ್ಮಿನ ಸಾಲೇ ಇರಲಿಲ್ಲ. ಹೊಂಡದ ನೀರು ನೋಡುವ ಸಣ್ಣ ಲ್ಯಾಬುಗಳಲ್ಲಿ ರಾಸಾಯನಿಕದ ಹನಿ ಹಾಕಿ ಅಳೆಯುವ ಟೈಟ್ರೇಶನ್ ಮಾಡುತ್ತಾರೆ, ಅದರಲ್ಲಿ ಪೊಟ್ಯಾಸಿಯಂ ತಿಳಿಯುವುದಿಲ್ಲ. ಅದಕ್ಕೆ ಫ್ಲೇಮ್ ಫೋಟೋಮೀಟರಿನಂಥ ಉಪಕರಣ ಬೇಕು. ತಮಾಷೆ ಏನೆಂದರೆ, ಮಣ್ಣು ಪರೀಕ್ಷೆ ಮಾಡುವ ಲ್ಯಾಬುಗಳಲ್ಲಿ ಅದು ಇದ್ದೇ ಇರುತ್ತದೆ. ಭತ್ತದ ಹೊಲದ ಪೊಟ್ಯಾಷ್ ನೋಡುವುದೂ ಅದರಲ್ಲೇ. ಪ್ಲಾಸ್ಟಿಕ್ ಬಾಟಲಿಯಲ್ಲಿ ಮೂರೂ ಹೊಂಡದ ನೀರು, ಬೋರಿನ ನೀರು ತುಂಬಿ ಅಂಥದೊಂದು ಲ್ಯಾಬಿಗೆ ಕಳಿಸಿದೆವು.

ಫಲಿತಾಂಶ ಬರಲು ಎರಡು ದಿನ ಬೇಕಿತ್ತು. ಸುಮ್ನೆ ಕೂರುವ ಬದಲು ಟಬ್ ಪರೀಕ್ಷೆ ಮಾಡೋಣ ಎಂದೆ. ನೂರು ಲೀಟರಿನ ಮೂರು ಪ್ಲಾಸ್ಟಿಕ್ ಟಬ್, ಮೂರಕ್ಕೂ ಒಂದನೇ ಹೊಂಡದ್ದೇ ನೀರು, ಅಕ್ವೇರಿಯಮ್ಮಿನ ಗಾಳಿ ಪಂಪು. ಮೊದಲ ಟಬ್ಬಿಗೆ ಏನೂ ಇಲ್ಲ. ಎರಡನೆಯದಕ್ಕೆ 8 ಗ್ರಾಂ ಬಿಳಿ ಪೊಟ್ಯಾಷ್, ಅಂದರೆ ಪೊಟ್ಯಾಸಿಯಂ ಕ್ಲೋರೈಡ್. ಅದರಲ್ಲಿ ಅರ್ಧದಷ್ಟು ಪೊಟ್ಯಾಸಿಯಂ ಇರುತ್ತದೆ, ಹಾಗಾಗಿ ಲೀಟರಿಗೆ 40 ಮಿಲಿಗ್ರಾಂ ಏರುತ್ತದೆ. ಮೂರನೆಯದಕ್ಕೆ ಅಷ್ಟೇ ಪೊಟ್ಯಾಷ್, ಜೊತೆಗೆ 50 ಗ್ರಾಂ ಎಪ್ಸಮ್ ಸಾಲ್ಟ್, ಮೆಗ್ನೀಸಿಯಮ್ಮಿಗಾಗಿ. ಒಂದೇ ಬಲೆಯಲ್ಲಿ ಬಂದ ಸೀಗಡಿಗಳನ್ನು ಹತ್ತತ್ತು ಹಾಕಿದೆವು. ಟಬ್ಬುಗಳ ಮೇಲೆ ಬಲೆ ಮುಚ್ಚಿ, ಪಂಪ್‌ಸೆಟ್ ಮನೆಯ ನೆರಳಿನಲ್ಲಿ ಇಟ್ಟೆವು.

ಮರುದಿನ ಮಧ್ಯಾಹ್ನದ ಹೊತ್ತಿಗೆ ಮೊದಲ ಟಬ್ಬಿನಲ್ಲಿ ನಾಲ್ಕು ಸತ್ತಿದ್ದವು, ಎರಡು ಮಗ್ಗುಲಾಗಿದ್ದವು. ಪೊಟ್ಯಾಷ್ ಟಬ್ಬಿನಲ್ಲಿ ಒಂದು ಸತ್ತಿತ್ತು. ಮೂರನೆಯದರಲ್ಲೂ ಒಂದೇ. ಪೊಟ್ಯಾಷ್ ಇದ್ದ ಟಬ್ಬುಗಳಲ್ಲಿ ಕೈಯಾಡಿಸಿದರೆ ಸೀಗಡಿ ಚಿಮ್ಮುತ್ತಿದ್ದವು, ಚಿಮ್ಮಿದ ಮೇಲೆ ಬಾಗಿ ನಿಲ್ಲುತ್ತಿರಲಿಲ್ಲ. ಹತ್ತು ಸೀಗಡಿಯ ಪರೀಕ್ಷೆಯನ್ನು ವಿಜ್ಞಾನ ಎಂದು ಯಾರೂ ಒಪ್ಪುವುದಿಲ್ಲ, ಒಪ್ಪಲೂಬಾರದು. ಆದರೆ ಲಕ್ಷಾಂತರ ಮರಿ ಸಾಯುತ್ತಿರುವಾಗ ಮುಂದಿನ ದುಡ್ಡು ಯಾವುದರ ಮೇಲೆ ಹಾಕಬೇಕು ಎಂದು ನಿರ್ಧರಿಸಲು ಇದಕ್ಕಿಂತ ಅಗ್ಗದ ದಾರಿ ನನಗೆ ಗೊತ್ತಿಲ್ಲ. ಮೆಗ್ನೀಸಿಯಂ ಸೇರಿಸಿದ್ದರಿಂದ ವ್ಯತ್ಯಾಸ ಕಾಣಲಿಲ್ಲವಲ್ಲ, ಅದರಿಂದ ಒಂದು ದೊಡ್ಡ ಖರ್ಚು ತಪ್ಪಿತು.

ಲ್ಯಾಬಿನ ಅಂಕಿ ಬಂತು. ಒಂದನೇ ಹೊಂಡದಲ್ಲಿ, ಲೀಟರಿಗೆ ಮಿಲಿಗ್ರಾಂ ಲೆಕ್ಕದಲ್ಲಿ, ಸೋಡಿಯಂ 1,300, ಕ್ಯಾಲ್ಸಿಯಂ 210, ಮೆಗ್ನೀಸಿಯಂ 170, ಪೊಟ್ಯಾಸಿಯಂ 7. ಇಸಿ 8ರ ಆಸುಪಾಸು, ಲವಣಾಂಶ ಹೆಚ್ಚುಕಡಿಮೆ 5 ಪಿಪಿಟಿ.

ಸಮುದ್ರದ ನೀರಿನಲ್ಲಿ ಸೋಡಿಯಂ ಸುಮಾರು 10,500, ಪೊಟ್ಯಾಸಿಯಂ ಸುಮಾರು 380. ಅಂದರೆ 28ಕ್ಕೆ 1. ಇಲ್ಲಿ 186ಕ್ಕೆ 1. ಸೀಗಡಿಯ ಕಿವಿರಿನಲ್ಲಿ ಸೋಡಿಯಮ್ಮನ್ನೂ ಪೊಟ್ಯಾಸಿಯಮ್ಮನ್ನೂ ಅದಲುಬದಲು ಮಾಡುವ ಕಿಣ್ವವಿದೆ. ಕಡಿಮೆ ಉಪ್ಪಿನ ನೀರಿನಲ್ಲಿ ಮೈಯೊಳಗಿನ ಲವಣ ಕಾಯ್ದುಕೊಳ್ಳುವುದು ಅದರಿಂದಲೇ. ಪೊಟ್ಯಾಸಿಯಂ ಸಿಗದಿದ್ದರೆ ಆ ಕೆಲಸ ಕುಂಟುತ್ತದೆ. ಸ್ನಾಯು ಸರಿಯಾಗಿ ಸಡಿಲಗೊಳ್ಳುವುದಿಲ್ಲ. ಪೊರೆ ಬಿಡುವಾಗ ಹೊರಗಿನ ನೀರು, ಲವಣ ಒಳಗೆ ಹೋಗುವ ಸಮಯ, ಆಗಲೇ ಪೆಟ್ಟು ಜೋರು.

ಬೇಕಾದದ್ದೆಷ್ಟು ಎಂದು ತಿಳಿಯಲು ಒಂದು ಸುಲಭ ಗುಣಾಕಾರವಿದೆ. ಲವಣಾಂಶವನ್ನು ಪಿಪಿಟಿಯಲ್ಲಿ ತೆಗೆದುಕೊಂಡು 10.7ರಿಂದ ಗುಣಿಸಿದರೆ ಪೊಟ್ಯಾಸಿಯಂ, 39.1ರಿಂದ ಗುಣಿಸಿದರೆ ಮೆಗ್ನೀಸಿಯಂ, 11.6ರಿಂದ ಗುಣಿಸಿದರೆ ಕ್ಯಾಲ್ಸಿಯಂ. ಸಮುದ್ರದ ನೀರನ್ನು ಅಷ್ಟಕ್ಕೆ ತೆಳು ಮಾಡಿದರೆ ಎಷ್ಟಿರುತ್ತಿತ್ತೋ ಅದು. 5 ಪಿಪಿಟಿಗೆ ಪೊಟ್ಯಾಸಿಯಂ 53 ಬೇಕು, ಇದ್ದದ್ದು 7. ಮೆಗ್ನೀಸಿಯಂ 195 ಬೇಕು, ಇದ್ದದ್ದು 170, ಪರವಾಗಿಲ್ಲ. ಕ್ಯಾಲ್ಸಿಯಂ ಬೇಕಾದ್ದರ ಮೂರೂವರೆ ಪಟ್ಟು ಇದೆ, ಅದನ್ನು ತೆಗೆಯಲು ಆಗುವುದಿಲ್ಲ. ಸಮುದ್ರದಲ್ಲಿ ಮೆಗ್ನೀಸಿಯಂ ಕ್ಯಾಲ್ಸಿಯಮ್ಮಿನ ಮೂರು ಪಟ್ಟಿಗೂ ಹೆಚ್ಚು, ಇಲ್ಲಿ ಕ್ಯಾಲ್ಸಿಯಮ್ಮೇ ಮುಂದೆ. ಆ ಅನುಪಾತ ಸರಿಪಡಿಸಲು ಹೊರಟರೆ ಟನ್ನುಗಟ್ಟಲೆ ಮೆಗ್ನೀಸಿಯಂ ಬೇಕು. ಅದನ್ನು ಬಿಟ್ಟೆವು.

ಎರಡನೇ ಹೊಂಡದ ಅಂಕಿ ನೋಡಿ ಅಣ್ಣ ಸುಮಾರು ಹೊತ್ತು ಮಾತಾಡಲಿಲ್ಲ. ಹತ್ತು ಟನ್ ಉಪ್ಪು ಹಾಕಿದ ಮೇಲೆ ಅಲ್ಲಿ ಸೋಡಿಯಂ 1,800ಕ್ಕೆ ಏರಿತ್ತು. ಪೊಟ್ಯಾಸಿಯಂ 7ರಲ್ಲೇ ಇತ್ತು. ಅನುಪಾತ 257ಕ್ಕೆ 1. ಉಪ್ಪಿನ ಜೊತೆ ತೊಂದರೆಯನ್ನೂ ಲಾರಿಯಲ್ಲೇ ತರಿಸಿದಂತಾಗಿತ್ತು. ಕಲ್ಲುಪ್ಪು ಅಂದರೆ ಹೆಚ್ಚುಕಡಿಮೆ ಬರೀ ಸೋಡಿಯಂ ಕ್ಲೋರೈಡ್. ಉಪ್ಪು ಕಟ್ಟುವಾಗ ಪೊಟ್ಯಾಸಿಯಂ, ಮೆಗ್ನೀಸಿಯಂ ಹೆಚ್ಚಾಗಿ ಉಪ್ಪಿನ ಗದ್ದೆಯ ಕಹಿ ನೀರಿನಲ್ಲೇ ಉಳಿದುಬಿಡುತ್ತವೆ.

ಇನ್ನು ಮಿನರಲ್ ಮಿಕ್ಸ್. ಚೀಲದ ಹಿಂದೆ ಪೊಟ್ಯಾಸಿಯಂ ಶೇ. 2 ಎಂದು ಬರೆದಿತ್ತು. 10 ಕಿಲೋ ಅಂದರೆ 200 ಗ್ರಾಂ ಪೊಟ್ಯಾಸಿಯಂ. ಒಂದೂಕಾಲು ಮೀಟರ್ ಆಳದ ಒಂದು ಎಕರೆ ಹೊಂಡದಲ್ಲಿ ಸುಮಾರು 5,000 ಘನ ಮೀಟರ್ ನೀರಿರುತ್ತದೆ. ಲೀಟರಿಗೆ 1 ಮಿಲಿಗ್ರಾಂ ಏರಿಸಲು 5 ಕಿಲೋ ಪೊಟ್ಯಾಸಿಯಂ, ಅಂದರೆ 10 ಕಿಲೋ ಪೊಟ್ಯಾಷ್ ಬೇಕು. 200 ಗ್ರಾಮಿಗೆ ಏರುವುದು 0.04 ಮಿಲಿಗ್ರಾಂ. ಅವರಿಗೆ ಬೇಕಿದ್ದದ್ದು ನಲವತ್ತಕ್ಕೂ ಹೆಚ್ಚು. ಫೀಡ್ ಚೀಲದ ಮೇಲೆ ಪೆನ್ನಿನಲ್ಲಿ ಈ ಲೆಕ್ಕವನ್ನು ತಾವೇ ಮಾಡಿ ನೋಡಿದವರು ತಮ್ಮ, ಎರಡು ಸಲ.

ಹತ್ತು ಚೀಲ, ಮೂರು ಹೊಂಡ

ಎಲ್ಲ ಹೊಂಡಕ್ಕೂ ಪೊಟ್ಯಾಸಿಯಂ 40 ಮುಟ್ಟಿಸಬೇಕೆಂದರೆ ಎಕರೆಗೆ 330 ಕಿಲೋ ಪೊಟ್ಯಾಷ್, ಐದು ಎಕರೆಗೆ ಒಂದೂವರೆ ಟನ್ನಿಗಿಂತ ಮೇಲೆ. ಅಂಗಡಿಯ ಸಬ್ಸಿಡಿ ಪೊಟ್ಯಾಷ್ ಬೆಳೆಗೆಂದು ಬರುವ ಗೊಬ್ಬರ. ಅದನ್ನು ಹೊಂಡಕ್ಕೆ ತಿರುಗಿಸುವುದು ಬೇಡ ಎಂದು ಮೊದಲೇ ಹೇಳಿದ್ದೆ. ಅದೂ ಅಲ್ಲದೆ ಕೆಂಪು ಪೊಟ್ಯಾಷಿನಲ್ಲಿ ಕಬ್ಬಿಣದ ಕೆಸರು ಬರುತ್ತದೆ. ಸಬ್ಸಿಡಿ ಇಲ್ಲದ ಬಿಳಿಯದು ಪಟ್ಟಣದ ಒಬ್ಬ ವ್ಯಾಪಾರಿಯ ಬಳಿ ಹತ್ತು ಚೀಲ, ಅಂದರೆ 500 ಕಿಲೋ ಮಾತ್ರ ಸಿಕ್ಕಿತು. ಮುಂದಿನ ಲೋಡ್ ಆಂಧ್ರದ ಭೀಮವರಂ ಕಡೆಯಿಂದ ಬರಬೇಕು, ಒಂದು ವಾರವಾದರೂ ಆಗುತ್ತದೆ.

ಅಣ್ಣನ ಮಾತು: "ಮೂರಕ್ಕೂ ಸಮ ಹಂಚ್ರಿ ಸರ. ಒಂದಕ್ಕ ಹಾಕಿ ಒಂದಕ್ಕ ಬಿಟ್ರ ಹೆಂಗ?"

ಹೊಟ್ಟೆಗೆ ಇಲ್ಲದಾಗ ಮನೆಮಂದಿಗೆಲ್ಲ ಸಮ ಹಂಚುವುದು ನ್ಯಾಯ. ಇಲ್ಲಿ ಆ ನ್ಯಾಯ ನಡೆಯುವುದಿಲ್ಲ. ಸಮ ಹಂಚಿದರೆ ಎಕರೆಗೆ 100 ಕಿಲೋ, ಪೊಟ್ಯಾಸಿಯಂ 7ರಿಂದ 17ಕ್ಕೆ, ಅನುಪಾತ 76ಕ್ಕೆ 1. ಮೂರು ಹೊಂಡವೂ ಅರೆಬರೆ. ಎಲ್ಲವನ್ನೂ ಎರಡೆಕರೆಯ ಒಂದನೇ ಹೊಂಡಕ್ಕೆ ಹಾಕಿದರೆ 32ಕ್ಕೆ ಏರಿ ಅನುಪಾತ ನಲವತ್ತರ ಹತ್ತಿರ ಬರುತ್ತದೆ. ಕ್ರ್ಯಾಂಪ್ ತಗ್ಗಬೇಕಾದರೆ ಈ ಅನುಪಾತ 40ಕ್ಕಿಂತ ಕೆಳಗೆ ಇರಲಿ ಎಂಬುದು ಸಾಮಾನ್ಯ ಸಲಹೆ.

ಹಾಗಾದರೆ ಯಾವ ಹೊಂಡ? ತಮ್ಮನಿಗೆ ಎರಡನೇ ಹೊಂಡವನ್ನೇ ಮೊದಲು ನೋಡಬೇಕು ಅಂತ, ಅಲ್ಲಿ ಸಾವು ಎಲ್ಲಕ್ಕಿಂತ ಜೋರು. ಆದರೆ ಸೋಡಿಯಂ 1,800 ಇರುವ ಕಡೆ ಅದೇ ಅನುಪಾತ ತರಲು ಇನ್ನೂ ಹೆಚ್ಚು ಪೊಟ್ಯಾಷ್ ಬೇಕು. ಅಷ್ಟರಲ್ಲಿ ಅಲ್ಲಿ ಉಳಿದಿರುವುದೂ ಕಡಿಮೆ. ಮೂರನೇ ಹೊಂಡದ ಮರಿ ಎಂಟು ದಿನ ಚಿಕ್ಕದು, ಒಂದು ವಾರ ತಡೆಯಬಹುದು. ಹಾಗಾಗಿ ಒಂದನೇ ಹೊಂಡ. ಈ ನಿರ್ಧಾರಕ್ಕೆ ಬರಲು ಒಂದು ಇಡೀ ಸಂಜೆ ಹಿಡಿಯಿತು. ಅಣ್ಣ ತಮ್ಮ ಇಬ್ಬರಿಗೂ ಅದು ಸುಲಭವಿರಲಿಲ್ಲ, ಎರಡನೇ ಹೊಂಡದ ಸಾಲ ತಮ್ಮನ ಹೆಸರಲ್ಲಿತ್ತು.

38ನೇ ದಿನದಿಂದ ಮೂರು ಸಂಜೆ ಹಾಕಿದೆವು. ಡ್ರಮ್ಮಿನಲ್ಲಿ ಹೊಂಡದ ನೀರು ತುಂಬಿ, ಪೊಟ್ಯಾಷ್ ಸುರಿದು, ಕೋಲಿನಿಂದ ತಿರುವಿ, ನೀರಿಗೆ ಗಾಳಿ ಬೆರೆಸುವ ಏರೇಟರಿನ ಮುಂದೆ ನಿಧಾನಕ್ಕೆ ಬಿಡುವುದು. ಡ್ರಮ್ಮಿಗೆ ಕೈ ಹಾಕಿದ ತಮ್ಮ ತಟ್ಟನೆ ತೆಗೆದು, "ಐಸ್ ಹಾಕಿದಂಗ ಆತಲ್ರಿ!" ಎಂದರು. ಪೊಟ್ಯಾಸಿಯಂ ಕ್ಲೋರೈಡ್ ಕರಗುವಾಗ ನೀರಿನ ಶಾಖ ಹೀರುತ್ತದೆ. ಕೈಗೆ ಹತ್ತುವ ಆ ತಣ್ಣನೆಯಿಂದಲೇ ಮಾಲು ಕರಗುತ್ತಿದೆ ಎಂದು ತಿಳಿಯುತ್ತದೆ.

ನಾಲ್ಕನೇ ದಿನದ ಹೊತ್ತಿಗೆ ಚೆಕ್ ಟ್ರೇಯಲ್ಲಿ ಸತ್ತವು ಮೂರು ನಾಲ್ಕಕ್ಕೆ ಇಳಿದವು. ಮೇವು ತಿನ್ನುವುದು ಹೆಚ್ಚಿತು. 41ನೇ ದಿನ ಪೊಟ್ಯಾಸಿಯಂ 31 ಇತ್ತು.

ಪೊಟ್ಯಾಷ್ ಎಲ್ಲಿ ಹೋಯಿತು?

ಇಲ್ಲಿಗೆ ಮುಗಿಯಿತು ಎಂದುಕೊಂಡಿದ್ದರು ಮಾಲೀಕರು. 52ನೇ ದಿನ ಮತ್ತೆ ಅಳೆಸಿದಾಗ 22. ಹನ್ನೊಂದು ದಿನದಲ್ಲಿ 9 ಮಿಲಿಗ್ರಾಂ ಮಾಯ. ಎರಡೆಕರೆಗೆ ಲೆಕ್ಕ ಹಾಕಿದರೆ 180 ಕಿಲೋ ಪೊಟ್ಯಾಷ್.

ಮೊದಲ ಅನುಮಾನ ವ್ಯಾಪಾರಿಯ ಮೇಲೆ ಹೋಯಿತು. ಉಳಿದಿದ್ದ ಒಂದು ಹಿಡಿ ಮಾಲನ್ನು ತೂಗಿ, ಶುದ್ಧ ನೀರಿನಲ್ಲಿ ಕರಗಿಸಿ ಲ್ಯಾಬಿಗೆ ಕಳಿಸಿದೆವು. ಮಾಲು ಸರಿಯಾಗಿಯೇ ಇತ್ತು. ಸೀಗಡಿಯೇ ತಿಂದಿತೇ ಎಂದರೆ, ಒಂದು ಟನ್ ಸೀಗಡಿಯ ಮೈಯಲ್ಲಿ ಇರುವುದು ಕೆಲವೇ ಕಿಲೋ ಪೊಟ್ಯಾಸಿಯಂ. ಉಳಿದದ್ದು ಮಣ್ಣು.

ನಮ್ಮ ಕಪ್ಪು ಮಣ್ಣಿನ ಜೇಡಿಯಲ್ಲಿ ಮಾಂಟ್‌ಮೊರಿಲ್ಲೊನೈಟ್ ಜಾತಿಯದು ಹೆಚ್ಚು. ಒದ್ದೆಯಾದಾಗ ಉಬ್ಬಿ, ಒಣಗಿದಾಗ ಬಿರುಕು ಬಿಡುವ ಗುಣ ಬರುವುದು ಅದರಿಂದ. ಪೊಟ್ಯಾಸಿಯಮ್ಮನ್ನು ಅದು ಮೇಲ್ಮೈಗೆ ಹಿಡಿದುಕೊಳ್ಳುತ್ತದೆ. ಒಂದಿಷ್ಟನ್ನು ಪದರಗಳ ನಡುವೆ ಸಿಕ್ಕಿಸಿಕೊಂಡು ಬಿಡುವುದೇ ಇಲ್ಲ. ಅಲಬಾಮಾದ ಹೊಂಡಗಳಲ್ಲೂ ಇದೇ ಆಗಿತ್ತು. 2000ದ ದಶಕದ ಮೊದಲ ವರ್ಷಗಳಲ್ಲಿ ಆಬರ್ನ್ ವಿಶ್ವವಿದ್ಯಾಲಯದ ಕ್ಲಾಡ್ ಬಾಯ್ಡ್ ಮತ್ತವರ ಜೊತೆಯವರು ಅಲ್ಲಿ ಪೊಟ್ಯಾಷ್ ಹಾಕಿಸಿ ಬೆಳೆ ಉಳಿಸಿದರು. ಆಮೇಲೆ ಅದು ತಳದ ಮಣ್ಣಿಗೆ ಇಳಿಯುವುದನ್ನೂ ಅವರೇ ಅಳೆದು ತೋರಿಸಿದರು.

ನಂಬಿಸಲು ನಾನು ಮಾತು ಖರ್ಚು ಮಾಡಲಿಲ್ಲ. ಎರಡು ಲೀಟರಿನ ಎರಡು ಬಾಟಲಿಯಲ್ಲಿ ಲೀಟರಿಗೆ 50 ಮಿಲಿಗ್ರಾಂ ಪೊಟ್ಯಾಸಿಯಂ ಇರುವ ನೀರು ತುಂಬಿ, ಒಂದಕ್ಕೆ ಅರ್ಧ ಕಿಲೋ ಹೊಂಡದ ಕೆಸರು ಹಾಕಿ, ಆಗಾಗ ಅಲ್ಲಾಡಿಸಿ ಎರಡು ದಿನ ಇಟ್ಟೆವು. ಕೆಸರಿಲ್ಲದ್ದು ಹಾಗೇ ಇತ್ತು. ಕೆಸರು ಹಾಕಿದ್ದು 29ಕ್ಕೆ ಇಳಿದಿತ್ತು. "ನಮ್ಮ ಭೂಮಿನೇ ತಿಂತದಲ್ರಿ," ಎಂದು ಅಣ್ಣ ನಕ್ಕುಬಿಟ್ಟರು. ಅಷ್ಟು ದಿನದಲ್ಲಿ ಅವರು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು.

ಅಲ್ಲಿಂದ ಲೆಕ್ಕ ಬದಲಾಯಿತು. ಒಮ್ಮೆ ಹಾಕಿ ಮರೆಯುವುದಲ್ಲ, ವಾರಕ್ಕೆ ಎಕರೆಗೆ 60 ಕಿಲೋ. ಇನ್ನೊಂದು ಸೋರಿಕೆಯನ್ನೂ ತಮ್ಮ ಗುರುತಿಸಿದರು. ಬಿಸಿಲಿಗೆ ಆವಿಯಾದ ನೀರನ್ನು ಬೋರಿನಿಂದ ತುಂಬಿಸುವಾಗ ಪ್ರತಿ ಸಲ ಸೋಡಿಯಂ ತುಂಬಿದ, ಪೊಟ್ಯಾಸಿಯಂ ಇಲ್ಲದ ನೀರೇ ಬರುತ್ತದಲ್ಲ? 10 ಸೆಂಟಿಮೀಟರ್ ಹೊಸ ನೀರು ಬಿಟ್ಟರೆ ಆ ನೀರನ್ನು 30ಕ್ಕೆ ತರಲು ಎಕರೆಗೆ ಸುಮಾರು 19 ಕಿಲೋ ಪೊಟ್ಯಾಷ್ ಹೆಚ್ಚಿಗೆ ಬೇಕು. ಬೋರು ಚಾಲೂ ಮಾಡಿದ ದಿನ ಆ ಲೆಕ್ಕದ ಚೀಲವನ್ನೂ ಬದುವಿನ ಮೇಲೆ ತಂದಿಡುವುದು ರೂಢಿಯಾಯಿತು. ಕೊನೆಯವರೆಗೂ ಪೊಟ್ಯಾಸಿಯಂ 25ರಿಂದ 30ರ ನಡುವೆ ನಿಂತಿತು. 53 ಎಂದೂ ಮುಟ್ಟಲಿಲ್ಲ. ಮುಟ್ಟಿಸಲು ದುಡ್ಡೂ ಇರಲಿಲ್ಲ, ಮುಟ್ಟಿಸದೆಯೂ ಬೆಳೆ ನಿಂತಿತು.

ಬಂದದ್ದು, ಹೋದದ್ದು

ಒಂದನೇ ಹೊಂಡ 105ನೇ ದಿನ ಹಿಡಿದರು. ಬದುಕುಳಿದದ್ದು ಶೇ. 58, ಕೌಂಟ್ 55 (ಅಂದರೆ ಕಿಲೋಗೆ 55 ಸೀಗಡಿ), ಮಾಲು 3.3 ಟನ್ನಿನ ಹತ್ತಿರ. ಮೂರನೇ ಹೊಂಡಕ್ಕೆ ಭೀಮವರಂ ಲೋಡ್ ಬಂದದ್ದು ಹೇಳಿದ್ದಕ್ಕಿಂತ ತಡವಾಗಿ. ಅಲ್ಲಿ ಶೇ. 41 ಉಳಿಯಿತು. ಸಿಪ್ಪೆ ಮತ್ತೆ ಮೆತ್ತಗಾಗುವುದು ಕಂಡು 75 ಕೌಂಟಿಗೇ, ಸುಮಾರು 1.3 ಟನ್ ಹಿಡಿದು ಮುಗಿಸಿದರು. ಎರಡನೇ ಹೊಂಡವನ್ನು 48ನೇ ದಿನ ಕೈಬಿಟ್ಟರು. ಬಲೆ ಎಳೆದಾಗ ಸಿಕ್ಕದ್ದು ಬಿಟ್ಟದ್ದರಲ್ಲಿ ಏಳರಲ್ಲಿ ಒಂದು ಪಾಲೂ ಇರಲಿಲ್ಲ. ಒಟ್ಟಾರೆ ಆ ಬೆಳೆಯಲ್ಲಿ ನಷ್ಟವೇ. ಆದರೆ ಮೂರೂ ಹೊಂಡ ಹೋಗಿದ್ದರೆ ಮತ್ತೊಂದು ಬೆಳೆಗೆ ಕೈ ಹಾಕುವ ಸ್ಥಿತಿ ಇರುತ್ತಿರಲಿಲ್ಲ.

ಈ ಪ್ರಕರಣದಲ್ಲಿ ನನಗೆ ದೊಡ್ಡದಾಗಿ ಕಾಣುವುದು ಪೊಟ್ಯಾಷ್ ಹಾಕಿದ್ದಲ್ಲ. ಒಟ್ಟು ಲೆಕ್ಕಗಳು ಎಷ್ಟು ದಾರಿ ತಪ್ಪಿಸುತ್ತವೆ ಎಂಬುದು. ಲವಣಾಂಶ ಒಂದು ಒಟ್ಟು ಲೆಕ್ಕ, ಗಡಸುತನ ಇನ್ನೊಂದು. ಲವಣಾಂಶ ಕಡಿಮೆ ಎಂದು ಕಂಡಿತು, ಗಡಸುತನ ಚೆನ್ನಾಗಿ ಕಂಡಿತು. ಮೊದಲನೆಯದನ್ನು ನಂಬಿ ಉಪ್ಪು ತಂದರು, ಎರಡನೆಯದನ್ನು ನಂಬಿ ನೀರಿನಲ್ಲಿ ಮಿನರಲ್ ಸಾಕಷ್ಟಿದೆ ಎಂದುಕೊಂಡರು. ಬಿಡಿ ಬಿಡಿಯಾಗಿ ನಾಲ್ಕು ಅಂಕಿ, ಅಂದರೆ ಸೋಡಿಯಂ, ಪೊಟ್ಯಾಸಿಯಂ, ಕ್ಯಾಲ್ಸಿಯಂ, ಮೆಗ್ನೀಸಿಯಂ, ಹೊಂಡ ತೋಡುವ ಮೊದಲೇ ಕೈಯಲ್ಲಿದ್ದಿದ್ದರೆ ಮೊದಲ ಬೆಳೆಯಲ್ಲೇ ವಿಷಯ ತಿಳಿಯುತ್ತಿತ್ತು. ಸೀಡಿನ ಮೇಲೆ ತಪ್ಪು ಹಾಕಿ ಒಂದು ವರ್ಷ ಕಳೆದುಕೊಂಡರು. ಹಾಗಂತ ಕ್ರ್ಯಾಂಪ್ ಕಂಡಾಗೆಲ್ಲ ಪೊಟ್ಯಾಷ್ ಸುರಿಯಿರಿ ಎಂದು ಯಾರೂ ಓದಿಕೊಳ್ಳಬಾರದು. ಬಿಸಿಲಲ್ಲಿ ಬಲೆ ಎಳೆದರೂ, ಆಮ್ಲಜನಕ ಕುಸಿದರೂ ಸೀಗಡಿ ಬಾಗುತ್ತದೆ. ಇವರು ಪಿಸಿಆರ್ ಮೊದಲು ಮಾಡಿಸಿದ್ದರಿಂದಲೇ ನಾವು ಧೈರ್ಯವಾಗಿ ನೀರಿನ ಕಡೆ ತಿರುಗಿದೆವು.

ಮೂರನೇ ಬೆಳೆ, ಮತ್ತು ಪಕ್ಕದ ಹೊಲ

ಮೂರನೇ ಬೆಳೆಗೆ ಕ್ರಮ ಬದಲಾಯಿತು. ನೀರು ತುಂಬಿ, ಪೊಟ್ಯಾಸಿಯಂ 40ಕ್ಕೆ ಏರಿಸಿ, ಹತ್ತು ದಿನ ಬಿಟ್ಟು ಮತ್ತೆ ಅಳೆದು, ಕಡಿಮೆಯಾದಷ್ಟು ಹಾಕಿ, ಆಮೇಲೆ ಮರಿ. ಹ್ಯಾಚರಿಯವರಿಗೆ ಹೊಂಡದ ನೀರಿನ ಅಂಕಿ ಕಳಿಸಿ, ಅಲ್ಲೇ 5 ಪಿಪಿಟಿಗೆ ನಿಧಾನಕ್ಕೆ ಹೊಂದಿಸಿದ, ಸ್ವಲ್ಪ ಬಲಿತ ಮರಿ ತರಿಸಿದರು. ಕಿವಿರು ಪೂರ್ತಿ ಬೆಳೆಯದ ಎಳೆ ಮರಿ ಇಂಥ ನೀರು ತಡೆಯುವುದಿಲ್ಲ. ಎರಡು ಹೊಂಡದಲ್ಲಿ ಶೇ. 70ರ ಹತ್ತಿರ ಉಳಿದವು. ಬೆಳವಣಿಗೆ ಮಾತ್ರ ಕರಾವಳಿಯ ಹೊಂಡಗಳಿಗಿಂತ ನಿಧಾನವೇ ಇದೆ. ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಮ್ಮಿನ ಅನುಪಾತ ಇನ್ನೂ ತಲೆಕೆಳಗಾಗಿಯೇ ಇದೆ.

ಅದಕ್ಕಿಂತ ದೊಡ್ಡ ತಲೆನೋವು ಬೇರೆ. ಕೈಬಿಟ್ಟ ಎರಡನೇ ಹೊಂಡದ ಉಪ್ಪು ನೀರನ್ನು ಹಳ್ಳಕ್ಕೆ ಬಿಡೋಣ ಎಂದಾಗ ಕೆಳಗಿನ ಹೊಲದವರು ಬಂದು ತಡೆದರು. ಅವರದು ಭತ್ತ, ಮೊದಲೇ ಸವಳು ಹತ್ತುತ್ತಿರುವ ನೆಲ. ತಡೆದದ್ದು ನ್ಯಾಯವೇ. ಸಮುದ್ರದ ದಂಡೆಯಲ್ಲಾದರೆ ಉಪ್ಪು ನೀರು ಉಪ್ಪು ನೀರಿಗೆ ಹೋಗುತ್ತದೆ, ಒಳನಾಡಿನಲ್ಲಿ ಅದಕ್ಕೆ ಜಾಗವಿಲ್ಲ. ಪಂಚಾಯ್ತಿ ಕಟ್ಟೆಯಲ್ಲಿ ಕೂತು ಮಾತಾಡಿದ ಮೇಲೆ ಒಂದು ಒಪ್ಪಂದವಾಯಿತು. ಎರಡನೇ ಹೊಂಡದಲ್ಲಿ ಇನ್ನು ಸೀಗಡಿ ಬೇಡ, ಅದು ನೀರು ಕೂಡಿಡುವ ಹೊಂಡ. ಸೀಗಡಿ ಹಿಡಿದಾಗ ಉಳಿದೆರಡರ ನೀರು ಹಿಡಿಸುವಷ್ಟು ಅಲ್ಲಿಗೆ ಬರುತ್ತದೆ, ಕೆಸರು ತಿಳಿಯಾದ ಮೇಲೆ ಮುಂದಿನ ಬೆಳೆಗೆ ವಾಪಸ್ ಹೋಗುತ್ತದೆ. ನೀರಿನ ಜೊತೆ ಹಾಕಿದ ಪೊಟ್ಯಾಷ್ ಕೂಡ ವಾಪಸ್. ಹಳೇ ಕಲ್ಲುಪ್ಪಿನ ಸೋಡಿಯಂ ಅದರಲ್ಲಿ ಇನ್ನೂ ಇರುವುದರಿಂದ ಒಂದೇ ಸಲ ಬಿಡದೆ, ನಾಲ್ಕರಲ್ಲಿ ಒಂದು ಪಾಲಿನಂತೆ ಬೆರೆಸುತ್ತಿದ್ದಾರೆ. ಕೆಳಗಿನ ಹೊಲದ ಬದುವಿನಲ್ಲಿ ಎರಡು ಕಡೆ ಗುಂಡಿ ತೋಡಿ, ಅಮಾವಾಸ್ಯೆಗೊಮ್ಮೆ ಅದರ ನೀರಿನ ಇಸಿ ನೋಡಿ ಪಕ್ಕದವರಿಗೂ ತೋರಿಸಬೇಕೆಂದು ಮಾತಾಗಿದೆ. ಮೀಟರ್ ತಮ್ಮನ ಹತ್ತಿರ ಇದೆ, ಅಂಕಿ ಬರೆದಿಡುವ ಪುಸ್ತಕ ಪಕ್ಕದ ಹೊಲದವರ ಮನೆಯಲ್ಲಿದೆ.